ಗಾಳಿ ನೋಡಿ ಇಳಿಯುತ್ತಿದ್ದ ಮೇಷ್ಟ್ರು

ನಮ್ಮ ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ಟೇಪಿನ ಅಂಟು ಕಪ್ಪಗೆ ಮೆತ್ತಿಕೊಂಡಿರುತ್ತಿತ್ತು. ಸೋಪು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಸೀಮೆಎಣ್ಣೆಯಲ್ಲಿ ಒರೆಸಿದ್ದರೆ ಹೋಗುತ್ತಿತ್ತೇನೋ, ಆದರೆ ಎಣ್ಣೆ ಎಂಬ ಹೆಸರಿನ ಯಾವುದನ್ನೂ ಅವರು ತಮ್ಮ ಶೆಡ್ಡಿನ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಮಧ್ಯಾಹ್ನ ಆ ಬೆರಳನ್ನು ಸ್ವಲ್ಪ ದೂರ ಹಿಡಿದುಕೊಂಡೇ ಮುದ್ದೆ ಮುರಿಯುತ್ತಿದ್ದರು.

ವಿದ್ಯಾರಣ್ಯಪುರದ ಒಂದು ಅಡ್ಡರಸ್ತೆಯಲ್ಲಿ, ಈಜುಕೊಳದ ಹಿಂದಿದ್ದ ತಗಡಿನ ಶೆಡ್ಡು ಅವರದು. ಅಲ್ಲಿ ಸ್ಕೂಬಾ ಡೈವಿಂಗ್ ಕಲಿಸುತ್ತಿದ್ದರು, ಬೆನ್ನಿಗೆ ಕಟ್ಟಿಕೊಂಡು ನೀರಿಗಿಳಿಯುವ ಸಿಲಿಂಡರುಗಳನ್ನು ತುಂಬಿಸಿ ಕೊಡುತ್ತಿದ್ದರು. ಹುಟ್ಟಿದ್ದು ಹುಣಸಮಾರನಹಳ್ಳಿಯ ಬೇಸಾಯದ ಮನೆಯಲ್ಲಿ. ಬಾವಿಯಲ್ಲಿ ಈಜು ಕಲಿತು, ನೌಕಾಪಡೆಯಲ್ಲಿ ಡೈವರ್ ಆಗಿ ದುಡಿದು ಬಂದವರು. ಸುತ್ತಮುತ್ತಲಿನ ಕೆರೆಯಲ್ಲೋ ಕಲ್ಲುಕ್ವಾರಿಯಲ್ಲೋ ಯಾರಾದರೂ ಮುಳುಗಿದರೆ ಪೊಲೀಸರು ಅವರಿಗೆ ಫೋನ್ ಮಾಡುತ್ತಿದ್ದರು. ನಾನು ಈಜು ಕಲಿಯಲೆಂದು ಹೋದವಳು ಡೈವಿಂಗ್ ಕಲಿತೆ, ಆಮೇಲೆ ಅವರ ಜೊತೆಯಲ್ಲೇ ಕೆಲಸಕ್ಕೆ ನಿಂತೆ.

ಶೆಡ್ಡಿನಲ್ಲಿ ಎರಡು ಸಾಲು ಸಿಲಿಂಡರುಗಳಿದ್ದವು. ಗೋಡೆಯ ಬದಿಯವು ಮಾಮೂಲು ಗಾಳಿಯವು. ಬಾಗಿಲ ಬದಿಯವಕ್ಕೆ ಹಸಿರು ಹಳದಿ ಪಟ್ಟಿ. ಅವು ನೈಟ್ರಾಕ್ಸಿನವು, ಅಂದರೆ ಆಮ್ಲಜನಕ ಹೆಚ್ಚಿಗೆ ಬೆರೆಸಿದ ಗಾಳಿಯವು. ನೈಟ್ರಾಕ್ಸ್ ಉಸಿರಾಡಿದರೆ ಮಧ್ಯಮ ಆಳದಲ್ಲಿ ಹೆಚ್ಚು ಹೊತ್ತು ಇರಬಹುದು. ಆದರೆ ತೀರಾ ಆಳಕ್ಕೆ ಹೋದರೆ ಆ ಹೆಚ್ಚಿನ ಆಮ್ಲಜನಕವೇ ವಿಷವಾಗುತ್ತದೆ, ಫಿಟ್ಸ್ ಬರುತ್ತದೆ. ನೀರೊಳಗೆ ಫಿಟ್ಸ್ ಬಂದರೆ ಬಾಯಲ್ಲಿ ಕಚ್ಚಿಕೊಂಡ ಉಸಿರಿನ ನಳಿಕೆ ಜಾರುತ್ತದೆ, ಮುಂದೆ ಹೇಳುವಂಥದ್ದೇನೂ ಇಲ್ಲ. ಇನ್ನು ನೈಟ್ರಾಕ್ಸ್ ಬೆರೆಸಲು ಶುದ್ಧ ಆಮ್ಲಜನಕ ಹಾಯಿಸುವ ಸಿಲಿಂಡರಿನೊಳಗೆ ಎಣ್ಣೆಯ ಪಸೆ ಇದ್ದರೆ ಬೆಂಕಿಯೇ ಹತ್ತಬಹುದು. ಹಾಗಾಗಿ ಆ ಸಾಲಿನದು ಈ ಸಾಲಿಗೆ ಬರುವಂತಿರಲಿಲ್ಲ.

ಕಷ್ಟವೆಂದರೆ, ಎರಡಕ್ಕೂ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಆಮ್ಲಜನಕದ ಮೀಟರ್ ಹಿಡಿದು ಅಳೆದರೆ ಮಾತ್ರ ತಿಳಿಯುವುದು. ಅಳೆದು, ಒಳಗಿರುವುದೇನು, ಎಷ್ಟು ಆಳದವರೆಗೆ ಹೋಗಬಹುದು, ಅಳೆದವರು ಯಾರು ಎಂದು ಟೇಪಿನ ಮೇಲೆ ಬರೆದು ಅಂಟಿಸಬೇಕು. ಇಳಿಯುವವರೇ ಅಳೆಯಬೇಕು. "ನಿನ್ನ ಉಸಿರು ಕಣಮ್ಮ, ನೀನೇ ನೋಡ್ಕೋ. ನಾನ್ ನೋಡಿದ್ರೆ ಅದು ನನ್ನ ಉಸಿರಾಯ್ತದೆ," ಎನ್ನುತ್ತಿದ್ದರು. ದಿನವಿಡೀ ಇದೇ ಕೆಲಸ. ಕಂಪ್ರೆಸರಿನ ಗದ್ದಲ, ಟೇಪು ಕೀಳುವುದು, ಅಳೆಯುವುದು, ಮತ್ತೆ ಅಂಟಿಸುವುದು. ಸಂಜೆಗೆ ಮಾತಾಡಲೂ ಬೇಸರವಾಗುತ್ತಿತ್ತು.

ಹಿಂದೆ ಏನೋ ಅನಾಹುತವಾಗಿರಬೇಕು, ಅದಕ್ಕೇ ಇಷ್ಟು ಕಟ್ಟುನಿಟ್ಟು ಎಂದುಕೊಂಡು ಒಮ್ಮೆ ಕೇಳಿಯೂ ಬಿಟ್ಟೆ.

"ಏನೂ ಆಗಿಲ್ಲ ಬುಡು," ಎಂದರು. "ಆಗ್ದೇ ಇರ್ಲಿ ಅಂತ ತಾನೇ ಇಂಗೆ ಸಾಯ್ತಿರೋದು."

ಆ ಮಳೆಗಾಲದಲ್ಲಿ ಯಲಹಂಕದಾಚೆಯ ಒಂದು ಹಳೇ ಕ್ವಾರಿಯಲ್ಲಿ ಟೆಂಪೋ ಡ್ರೈವರೊಬ್ಬ ಈಜಲು ಹೋಗಿ ಮುಳುಗಿದ. ಬಹಳ ಆಳದ ಕ್ವಾರಿ. ಬೆಳಿಗ್ಗೆ ಫೋನ್ ಬಂದೊಡನೆ ಗಾಳಿಯ ಎರಡು ಸಿಲಿಂಡರುಗಳನ್ನು, ನನಗೊಂದು ಅವರಿಗೊಂದು, ಪಿಕಪ್ ವ್ಯಾನಿಗೆ ಹಾಕಿಕೊಂಡು ಹೊರಟೆವು. ದಾರಿಯುದ್ದಕ್ಕೂ ಮಳೆ. ತಲುಪಿ ನೋಡಿದರೆ ಎರಡರ ಮೇಲಿನ ಟೇಪೂ ನೆನೆದು ಕಿತ್ತುಹೋಗಿತ್ತು. ಹಸಿರು ಹಳದಿ ಪಟ್ಟಿ ಇರಲಿಲ್ಲ, ನಿಜ. ಆದರೆ ಮೇಷ್ಟ್ರಿಗೆ ಪಟ್ಟಿ ಸಾಲದು. ಮೀಟರ್ ತೆಗೆದರು. ಬಯಲಲ್ಲಿ ಹಿಡಿದರೆ ಆಮ್ಲಜನಕ ಶೇಕಡಾ ಇಪ್ಪತ್ತೊಂದರ ಆಸುಪಾಸು ತೋರಿಸಬೇಕಾದದ್ದು ಏನೇನೋ ತೋರಿಸಿ ಆರಿಹೋಯಿತು. ಅದರ ಸೆನ್ಸರ್ ಸತ್ತಿತ್ತು.

"ನಾನೇ ತುಂಬಿಸಿದ್ದು ಮೇಷ್ಟ್ರೇ. ಎರಡೂ ಗಾಳಿನೇ," ಎಂದೆ.

ಅವರು ತಲೆಯಾಡಿಸಿದರು. ಆರ್.ಟಿ. ನಗರದಲ್ಲಿದ್ದ ತಮ್ಮ ಹಳೇ ಶಿಷ್ಯನೊಬ್ಬನಿಗೆ ಫೋನ್ ಮಾಡಿ, ಅವನ ಮೀಟರ್ ತರಲು ಹೇಳಿ ಬಂಡೆಯ ಮೇಲೆ ಕೂತರು. ಅವನು ಹೆಬ್ಬಾಳದ ಫ್ಲೈಓವರ್ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ.

ದಡದಲ್ಲಿ ಸತ್ತವನ ಹೆಂಡತಿ ನೀರಿಗೆ ಬೆನ್ನು ಹಾಕಿ ಕೂತಿದ್ದಳು. ಅವನ ಅಣ್ಣ ಅತ್ತಿಂದಿತ್ತ ಓಡಾಡುತ್ತಿದ್ದವರು ಕೊನೆಗೆ ಮೇಷ್ಟ್ರ ಮುಂದೆ ಬಂದು ನಿಂತರು. "ಎಲ್ಲಾ ತಂದಿದೀರ, ಆದ್ರೂ ಇಳೀತಿಲ್ಲ. ನಿಮ್ಮನೇರಾಗಿದ್ರೆ ಇಂಗೇ ಕೂತ್ಕತಿದ್ರಾ?"

ಮೇಷ್ಟ್ರು ತಲೆಯೆತ್ತಿ ನೋಡಿದರು. "ಇಲ್ಲ ಕಣಪ್ಪ. ನಮ್ಮನೇರಾಗಿದ್ರೆ ಏನೂ ನೋಡ್ದೆ ಬಿದ್ಬುಡ್ತಿದ್ದೆ. ಅದಕ್ಕೇ ನಮ್ಮನೇರಿಗೆ ನಾನು ಇಳಿಯಾಕಿಲ್ಲ."

ಅಣ್ಣ ನೆಲಕ್ಕೆ ಉಗಿದು ದೂರ ಹೋದರು. ಇನ್ಸ್‌ಪೆಕ್ಟರ್ ಗಡಿಯಾರ ನೋಡಿಕೊಂಡರು. ನನಗೆ ಅವಮಾನದಿಂದ ಕಿವಿ ಬಿಸಿಯಾಗಿತ್ತು. ಮೇಷ್ಟ್ರು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಕೆಳಗಿರೋನು ಕಾಯ್ತಾನೆ ಕಣಮ್ಮ. ಮೇಲಿರೋರಿಗೇ ಕಷ್ಟ."

ಮೀಟರ್ ಬರುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಅವರದನ್ನು ಅವರು ಅಳೆದರು, ನನ್ನದನ್ನು ನಾನು ಅಳೆದೆ. ಎರಡೂ ಬರೀ ಗಾಳಿ. ನಾವು ಓದಿ ಹೇಳಿದ್ದು ಅಣ್ಣನಿಗೂ ಕೇಳಿಸಿತು. ಮೇಷ್ಟ್ರು ಹೊಸ ಟೇಪಿನ ಮೇಲೆ ನಿಧಾನವಾಗಿ ಬರೆದು ಅಂಟಿಸಿದರು, ನನ್ನ ಕೈಯಲ್ಲೂ ಬರೆಸಿದರು. ಆಮೇಲೆ ಇಳಿದೆವು.

ಕೆಳಗೆ ಕತ್ತಲೆ, ಚಳಿ. ಟಾರ್ಚಿನ ಬೆಳಕು ಒಂದು ಮಾರು ದೂರಕ್ಕೂ ಹೋಗುತ್ತಿರಲಿಲ್ಲ. ಕಲ್ಲು ತಡವುತ್ತ ತಡವುತ್ತ ಕೊನೆಗೆ ಅವರ ಕೈಗೆ ಅವನ ಅಂಗಿ ಸಿಕ್ಕಿತು. ಮೇಲೆ ತಂದು ಮಲಗಿಸಿದಾಗ ಯಾರೂ ನಮ್ಮ ಕಡೆ ನೋಡಲಿಲ್ಲ. ನೋಡಬೇಕಾದ ಹೊತ್ತೂ ಅದಲ್ಲ. ಮೇಷ್ಟ್ರು ವ್ಯಾನಿನ ಹಿಂದೆ ಹೋಗಿ, ಮಂಡಿಯ ಮೇಲೆ ಕೈಯೂರಿ ಬಹಳ ಹೊತ್ತು ಬಗ್ಗಿ ನಿಂತಿದ್ದರು.

ವಾಪಸ್ಸು ಬರುವಾಗ ಅವರೇ ಮಾತೆತ್ತಿದರು. "ನೀನ್ ಹೇಳಿದ್ದೇ ಸರಿಯಿತ್ತು."

"ಮತ್ತೆ ಯಾಕ್ ಮೇಷ್ಟ್ರೇ? ನನ್ ಮೇಲೆ ನಂಬಿಕೆ ಇಲ್ವಾ?"

"ನಿನ್ನ ನಂಬ್ತೀನಿ. ನಾನು ನಂಬಿದೆ ಅಂತ ಸಿಲಿಂಡರ್ ಒಳಗಿರೋದು ಬದಲಾಗಲ್ಲ."

ಆ ಮಾತಿನಿಂದ ಅಂದು ನನಗೆ ಸಮಾಧಾನವಾಗಲಿಲ್ಲ. ಆ ಹೆಂಗಸು ನೀರಿಗೆ ಬೆನ್ನು ಹಾಕಿ ಕೂತದ್ದೇ ಕಣ್ಣಿಗೆ ಕಟ್ಟುತ್ತಿತ್ತು. ಮೇಷ್ಟ್ರಿಗೂ ಕಟ್ಟಿರಬೇಕು. ಅಂದಿನಿಂದ ವ್ಯಾನಿನಲ್ಲಿ ಎರಡು ಮೀಟರ್ ಇಡತೊಡಗಿದರು. ಅಳೆಯುವುದನ್ನು ಮಾತ್ರ ಬಿಡಲಿಲ್ಲ.

ಆಮೇಲಿನ ವರ್ಷಗಳಲ್ಲಿ ಅವರ ಶ್ವಾಸಕೋಶ ಸೋತಿತು. ಡಾಕ್ಟರು ನೀರಿಗಿಳಿಯಬೇಡಿ ಎಂದಾಗ "ಸದ್ಯ, ಸಾಕಾಗಿತ್ತು" ಎಂದಷ್ಟೇ ಹೇಳಿದರು. ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನನ್ನ ಕೆಲಸ ನೋಡುತ್ತಿದ್ದರು. ತಪ್ಪು ಹುಡುಕುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಕೊನೆಗೆ ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕದ ನಳಿಕೆ ಇಟ್ಟಾಗ ನರ್ಸನ್ನು, "ಎಷ್ಟ್ ಕೊಡ್ತಿದೀಯವ್ವ?" ಎಂದು ಕೇಳಿದರು. ಆಕೆ ಹೇಳಿದಳು. ಅವರು ಗೋಡೆಯ ಮೀಟರಿನ ಕಡೆ ಕತ್ತು ತಿರುಗಿಸಿ ನೋಡಿ, ಆಮೇಲೆ ಕಣ್ಣು ಮುಚ್ಚಿದರು. ಎರಡು ದಿನ ಕಳೆದ ಮೇಲೆ ತೀರಿಕೊಂಡರು.

ಹುಣಸಮಾರನಹಳ್ಳಿಯಲ್ಲಿ ಮಣ್ಣು ಮಾಡುವಾಗ ಕ್ವಾರಿಯ ಆ ಅಣ್ಣ ಬಂದಿದ್ದರು. ಯಾರು ತಿಳಿಸಿದರೋ ಗೊತ್ತಿಲ್ಲ. ನನ್ನ ಪಕ್ಕಕ್ಕೆ ಬಂದು ಕೇಳಿದರು: "ನೀರಲ್ಲಿ ಏನಾರ ಆಯ್ತಾ?"

"ಇಲ್ಲ, ಕಾಯಿಲೆ."

"ಸದ್ಯ, ನೀರಲ್ಲಿ ಅಲ್ವಲ್ಲ," ಎಂದು ಹೋಗಿ ಒಂದು ಹಿಡಿ ಮಣ್ಣು ಹಾಕಿದರು.

ಶೆಡ್ಡು ಈಗ ನನ್ನದು. ಫೋನ್ ಈಗ ನನಗೆ ಬರುತ್ತದೆ. ಕೆಲವು ದಿನ ಬೆಳಿಗ್ಗೆ ಎತ್ತಲೇ ಮನಸ್ಸಿರುವುದಿಲ್ಲ, ಆದರೂ ಎತ್ತುತ್ತೇನೆ. ಇಳಿದಷ್ಟು ಸಲವೂ ಮೇಲೆ ಬಂದಿದ್ದೇನೆ. ಅದರಲ್ಲಿ ಎಷ್ಟು ಸಲ ಮೇಷ್ಟ್ರಿಂದಾಗಿ ಬಂದೆ ಎಂಬುದು ನನಗೆ ಗೊತ್ತಿಲ್ಲ. ಆಗದೇ ಹೋದದ್ದನ್ನು ತಿಳಿಯುವ ದಾರಿ ಯಾರಿಗೂ ಇಲ್ಲ.