ಕೊನೆಯ ಚೀಲದ ಬಿಳಿ ಚಕ್ಕೆ

"ಎಣ್ಣೆಗೂ ನೀರಿಗೂ ಹುಟ್ಟಿದಾಗಿಂದ ಆಗಿಬರೋದಿಲ್ಲ ಕಣ್ರೀ. ಎಷ್ಟೇ ತಿರುವಿ, ಬಿಟ್ಟ ತಕ್ಷಣ ಎಣ್ಣೆ ಮೇಲೆ, ನೀರು ಕೆಳಗೆ. ಅವೆರಡನ್ನೂ ಒಂದು ಮಾಡೋದು ಈ ಬಿಳಿ ಚಕ್ಕೆ. ನೋಡೋಕೆ ಮೇಣ, ಎಣ್ಣೆಯ ಕೊಬ್ಬಿನಿಂದಲೇ ತೆಗೆದದ್ದಂತೆ. ಎಣ್ಣೇಲಿ ಕರಗಿಸಬೇಕು, ನೀರನ್ನೂ ಅಷ್ಟೇ ಬಿಸಿ ಮಾಡಿ ಸಣ್ಣಗೆ ಹುಯ್ಯಬೇಕು. ಆಮೇಲೆ ಆರೋ ತನಕ ತಿರುವ್ತಾನೇ ಇರಬೇಕು. ನಡುವೆ ಕೈ ನಿಂತಿತೋ, ಒಡೆದ ಹಾಲಿನ ಗತಿ. ನಮ್ಮತ್ತೆ ಬಾಗಿಲಲ್ಲಿ ನಿಂತು ಬೈದರೂ ನಾನು ತಿರುಗಿ ನೋಡಿದವಳಲ್ಲ!"

ಆಸ್ಪತ್ರೆಯ ಹಿಂದಿನ ಔಷಧಿ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಮುಲಾಮು ಕಾಸಿದವಳು ಹೀಗೆ ಹೇಳಿ ನಗುತ್ತಿದ್ದಳು. ಎಲ್ಲರಿಗೂ ಅವಳು ಮುಲಾಮಕ್ಕ. ಆ ವಾರ ಮಾತ್ರ ನಗು ಎಲ್ಲಿ ಹೋಯಿತೋ. ಮೇಲಿನ ವಾರ್ಡಿನಲ್ಲಿ ಒಡಹುಟ್ಟಿದ ತಂಗಿ ಮಲಗಿದ್ದಳು. ಯಾವುದೋ ಮಾತ್ರೆ ಒಗ್ಗದೆ ಮೈಯೆಲ್ಲ ಸುಲಿದುಹೋಗಿತ್ತು. ಅಂಗಡಿಯ ಟ್ಯೂಬು ಹಚ್ಚಿದರೆ ಉರಿ ಉರಿ ಅಂತ ಕಿರುಚುತ್ತಿದ್ದಳು. ಅವಳ ಮೈ ತಡೆದುಕೊಂಡದ್ದು ಅಕ್ಕನ ಸಾದಾ ಮುಲಾಮು ಒಂದನ್ನೇ. ಅದರ ಡಬ್ಬಿ ಬೆಳಿಗ್ಗೆಯೇ ಬರಿದಾಗಿತ್ತು. ಚಕ್ಕೆಯ ಹೊಸ ಚೀಲಕ್ಕೆ ಉಗ್ರಾಣದವರು ಇವತ್ತು ನಾಳೆ ಅನ್ನುತ್ತಲೇ ಇದ್ದರು. ಹಳೇ ಚೀಲ ಕೊಡವಿದರೆ ಸಿಕ್ಕಿದ್ದು ಒಂದು ಪಾತ್ರೆಗೆ ಆಗುವಷ್ಟು, ಅಷ್ಟೇ.

ನೀರು ಹುಯ್ದು ತಿರುವಲು ಹಿಡಿದು ಐದು ನಿಮಿಷ ಆಗಿಲ್ಲ, ವಾರ್ಡಿನ ಆಯಾ ಏದುಸಿರು ಬಿಡುತ್ತ ಬಂದಳು.

"ಮುಲಾಮಕ್ಕಾ, ಬೇಗ ಬನ್ನಿ. ಸಾಯೋದ್ರೊಳಗೆ ಅಕ್ಕನ ಮುಖ ನೋಡ್ಬೇಕು ಅಂತಿದಾಳೆ."

"ಉಸಿರು ಸರಿಯಾಗಿದ್ಯಾ?"

"ಇದೆ. ಉರಿ ತಡೆಯೋಕಾಗ್ತಿಲ್ಲ ಪಾಪ."

"ನೀನು ಸ್ವಲ್ಪ ಹೊತ್ತು ತಿರುವ್ತೀಯಾ?"

"ಅಯ್ಯೋ, ನನ್ನ ಕೈಲಿ ಗಂಜೀನೇ ಗಂಟಾಗತ್ತೆ! ಒಡೆದುಹೋದ್ರೆ?"

ಮುಲಾಮಕ್ಕನ ಕೈ ನಿಲ್ಲಲಿಲ್ಲ. "ಹಾಗಾದ್ರೆ ಹೋಗಿ ಹೇಳು, ಬರ್ತೀನಿ ಅಂತ. ಬರಿಗೈಲಿ ಬಂದು ಮುಖ ತೋರಿಸಿ ಏನು ಮಾಡ್ಲಿ?"

"ಕಲ್ಲು ಮನಸ್ಸು ನಿಮ್ದು."

"ಹೌದು ತಾಯಿ, ಕಲ್ಲೇ. ಹೋಗು."

ಆಯಾ ಹೋದಳು. ಕಣ್ಣೀರು ಪಾತ್ರೆಗೆ ಬೀಳದಿರಲಿ ಅಂತ ಮುಲಾಮಕ್ಕ ಮುಖವನ್ನು ಭುಜಕ್ಕೆ ಒರೆಸಿಕೊಂಡು ತಿರುವಿದಳು. ಮೇಲಿನ ಕಿಟಕಿಯಿಂದ ಒಂದು ಸಲ "ಅಕ್ಕಾ" ಅಂತ ಕೇಳಿಸಿತು. ಆಮೇಲೆ ಅದೂ ಇಲ್ಲ. ಪಾತ್ರೆಯ ತಳ ಮುಟ್ಟಿ ನೋಡಿದಳು, ಇನ್ನೂ ಬಿಸಿ. ತಿರುವಿದಳು. ಕೊನೆಗೆ ಮುಲಾಮು ಬೆಣ್ಣೆಯ ಹಾಗೆ ಕೂತಿತು. ಡಬ್ಬಿ ಎದೆಗವಚಿ ಮೆಟ್ಟಿಲು ಹತ್ತಿದಳು.

ತಂಗಿ ಕಣ್ಣು ಬಿಟ್ಟೇ ಇದ್ದಳು. "ಈಗ ಬಂದ್ಯಾ ಮಹರಾಯ್ತಿ?" ಅಂತ ಗೋಡೆಯತ್ತ ಮುಖ ತಿರುಗಿಸಿದಳು.

ಅಕ್ಕ ಅವಳ ಬೆನ್ನಿಗೆ ಮುಲಾಮು ಹಚ್ಚಿದಳು. ತಂಗಿ ಕಿರುಚಲಿಲ್ಲ. ಆದರೆ ಡಬ್ಬಿಯಲ್ಲಿ ಉಳಿದದ್ದು ಎರಡು ದಿನದ್ದು ಮಾತ್ರ. ಚೀಲದ ಸುದ್ದಿಯೇ ಇಲ್ಲ.

ಕೆಳಗಿಳಿದು ಬಂದು ಪಾತ್ರೆಯ ಅಂಚಿಗೆ ಅಂಟಿದ್ದ ಮುಲಾಮನ್ನೂ ಬೆರಳಿನಿಂದ ಬಳಿದು ಬಟ್ಟಲಿಗೆ ಹಾಕಿಟ್ಟಳು. ಆಮೇಲೆ ಬಿಸಿನೀರು ಹಾಕಿ ಪಾತ್ರೆ ತಿಕ್ಕಲು ಕೂತಳು.