ಜೂರಾ ಎಜೆಯ ಅಂಗಳಕ್ಕಿದ್ದ ಕಿಂಡಿಗಳು

ಕಾರಾ-ಚಾತ್ ಊರಿನ ಮೇಲಿನ ಬೀದಿಯಲ್ಲಿ ಜೂರಾ ಎಜೆ, ಅಂದರೆ ಜೂರಾ ಅಕ್ಕ, ಮೊಟ್ಟೆಗೆ ಕಾವು ಕೊಡುವ ಯಂತ್ರ ಇಟ್ಟಿದ್ದಾಳೆ ಎಂದು ಬಹಳ ಜನ ನಂಬಿದ್ದರು. ಇದನ್ನು ಬರೆಯುತ್ತಿರುವವನೂ ಆ ಬಹಳ ಜನರಲ್ಲಿ ಒಬ್ಬ. ನಂಬಿಕೆಗೆ ಆಧಾರ ಇಲ್ಲದೆ ಇರಲಿಲ್ಲ. ಅವಳ ಮನೆಯ ಗಾಜಿನ ಮೊಗಸಾಲೆಯಿಂದ ಹೊತ್ತು ಗೊತ್ತಿಲ್ಲದೆ ಗುಂಯ್ ಎಂಬ ಸದ್ದು ಬರುತ್ತಿತ್ತು. ಒಳಗೆ ಒಂದು ಹಸಿರು ದೀಪ ಮಿಣಮಿಣ ಎನ್ನುತ್ತಿತ್ತು. ಚಳಿಗಾಲದಲ್ಲಿ ಊರಿನ ಗಾಜುಗಳೆಲ್ಲ ಹೆಪ್ಪುಗಟ್ಟಿದರೆ ಅದೊಂದು ಗಾಜು ಮಾತ್ರ ಬೆವರುತ್ತಿತ್ತು. ಕರೆಂಟು ಹೋಯಿತೆಂದರೆ ಎಜೆ ಕಲಸುತ್ತಿದ್ದ ಹಿಟ್ಟನ್ನು ಹಾಗೇ ಬಿಟ್ಟು, ತೊಟ್ಟಿಲ ಕೂಸು ಅತ್ತಿತೋ ಎಂಬಂತೆ ಆ ಕಡೆಗೆ ಓಡುತ್ತಿದ್ದಳು. ಹೀಗಾಗಿ ಒಂದು ವಸಂತದಲ್ಲಿ ಬರೆಯುವವನು ಟೋಪಿಯನ್ನು ಅಂಗಾತ ಹಿಡಿದು, ಅದರೊಳಗೆ ಮೆತ್ತಗೆ ಹುಲ್ಲು ಹಾಸಿಕೊಂಡು, ಬಲು ಗಂಭೀರವಾಗಿ ಕೋಳಿಮರಿ ಕೇಳಲು ಹೋದ. ಎಜೆ ಬಾಗಿಲು ತೆರೆದು ತೋರಿಸಿದಳು. ಕಂಬಳಿಯ ತುಂಡು ಹೊದ್ದ ಎರಡು ಕಪ್ಪು ಕಂಪ್ಯೂಟರ್ ಪೆಟ್ಟಿಗೆ, ಕೆಳಗೊಂದು ಲಾರಿ ಬ್ಯಾಟರಿ, ಮೇಲೊಂದು ಬೆಕ್ಕು.

"ಇಲ್ಲಿ ಮರಿಯಾಗೋದು ಜಗಳ ಒಂದೇ," ಎಂದಳು. "ಎಷ್ಟು ಬೇಕು ಹೇಳು, ಬಿಸಿಬಿಸಿಯಾಗಿವೆ."

ಪೆಟ್ಟಿಗೆಯೊಳಗೆ ಇದ್ದದ್ದು ಊರು. ಗಣಿ ಮುಚ್ಚಿದ ಮೇಲೆ ಕಾರಾ-ಚಾತಿನ ಜನ ತೂತುಬಿದ್ದ ಚೀಲದ ಗೋಧಿಯಂತೆ ದಾರಿಯುದ್ದಕ್ಕೂ ಸೋರಿಹೋಗಿದ್ದರು. ಕೆಲವರು ರಾಜಧಾನಿ ಬಿಷ್ಕೆಕ್‌ನಲ್ಲಿ, ಬಹಳಷ್ಟು ಮಂದಿ ಸೈಬೀರಿಯದಲ್ಲಿ, ಗಣಿಯ ಕಾಲದಲ್ಲಿ ಇಲ್ಲೇ ಹುಟ್ಟಿ ಬೆಳೆದ ಜರ್ಮನ್ ಮನೆತನದವರು ಜರ್ಮನಿಯಲ್ಲಿ. ಮೊದಲು ಎಲ್ಲರೂ ಯಾವುದೋ ದೊಡ್ಡ ಕಂಪನಿಯ ಜಾಲತಾಣದಲ್ಲಿ ಗುಂಪುಕಟ್ಟಿಕೊಂಡು ಹರಟುತ್ತಿದ್ದರು. ಒಂದು ಬೆಳಗ್ಗೆ ನೋಡಿದರೆ ಗುಂಪೇ ಇಲ್ಲ. ಹಳೆಯ ಮದುವೆ ಫೋಟೋಗಳು, ಸತ್ತವರ ದನಿ, ಶಾಲೆಯ ಬ್ಯಾಂಡ್‌ಮೇಳ, ಎಲ್ಲ ಹೋಗಿತ್ತು. ಯಾಕೆಂದು ಕೇಳಲು ತಟ್ಟುವುದಕ್ಕೆ ಒಂದು ಬಾಗಿಲೂ ಇರಲಿಲ್ಲ. ಆಗ ಜೂರಾ ಎಜೆ, ಊರಿನ ಹಳೆಯ ಟೆಲಿಫೋನ್ ಕೇಂದ್ರದಲ್ಲಿ ಇಪ್ಪತ್ತು ವರ್ಷ ತಂತಿ ಚುಚ್ಚಿದವಳು, ಪರರ ಮನೆಯಲ್ಲಿ ಚಾಪೆ ಹಾಸಿದ್ದು ಸಾಕು ಎಂದು ತನ್ನ ಮೊಗಸಾಲೆಯಲ್ಲೇ ಅಂಥದ್ದೊಂದು ಸ್ವಂತ ತಾಣ ಕಟ್ಟಿ ಅದಕ್ಕೆ 'ಅಂಗಳ' ಎಂದು ಹೆಸರಿಟ್ಟಳು.

ಅಂಗಳಕ್ಕೆ ಜನ ಬಂದರು. ಬಂದವರು ಬಂದ ಕೂಡಲೇ ಜಗಳ ಶುರುಮಾಡಿದರು. ಇದು ಆರೋಗ್ಯದ ಲಕ್ಷಣ. ಆಮೇಲೆ ಜರ್ಮನಿಯವರು ನಮಗೂ ಒಂದು ಪೆಟ್ಟಿಗೆ ಬೇಕೆಂದರು, ಸೈಬೀರಿಯದ ತೋಮ್ಸ್ಕ್‌ನವರು ನಮಗೂ ಎಂದರು. ಪ್ರತ್ಯೇಕ ಅಂಗಳ, ಅದನ್ನು ನೋಡಿಕೊಳ್ಳಲು ಪ್ರತ್ಯೇಕ ಕಾವಲುಗಾರ. ಆದರೆ ಗೋಡೆಗಳ ನಡುವೆ ಎಜೆ ಕಿಂಡಿ ಕೊರೆದಳು: ಒಂದು ಅಂಗಳದಲ್ಲಿ ಬರೆದದ್ದು ಆ ಕ್ಷಣವೇ ಉಳಿದೆಲ್ಲ ಅಂಗಳಗಳಲ್ಲೂ ಕಾಣಿಸುತ್ತದೆ, ಒಂದು ಪೆಟ್ಟಿಗೆ ಕೆಟ್ಟರೂ ಉಳಿದವು ಉಸಿರಾಡುತ್ತವೆ, ಯಾರಿಗೆ ಯಾರೂ ಯಜಮಾನರಲ್ಲ. ಈ ಕೊನೆಯ ಮಾತು ಆಸಾನಾಕುನ್‌ಗೆ ಮಾತ್ರ ಜೀರ್ಣವಾಗಲಿಲ್ಲ. ಆತ ನಿವೃತ್ತ ಹೆಡ್‌ಮಾಸ್ತರು. ಯಜಮಾನನೇ ಇಲ್ಲದ ಜಾಗವಿದೆ ಎಂದು ಕೇಳಿದ ದಿನವೇ ತನ್ನನ್ನು 'ಸಮಸ್ತ ಅಂಗಳಗಳ ಹಿರಿಯ ಮೇಲ್ವಿಚಾರಕ' ಎಂದು ನೇಮಿಸಿಕೊಂಡು, ನೂಡಲ್ಸ್‌ಗೆ ಮೂಲಂಗಿ ಹಾಕಬೇಕೋ ಬೇಡವೋ ಎಂಬ ಜಗಳದಲ್ಲೂ ನಂಬರು ಹಾಕಿ ತೀರ್ಪು ಪ್ರಕಟಿಸುತ್ತಿದ್ದ. ತೀರ್ಪನ್ನು ಯಾರೂ ಪಾಲಿಸುತ್ತಿರಲಿಲ್ಲ. ಆದರೆ ಒಂದು ದಿನ ಆತ ಬರೆಯದಿದ್ದರೆ ಮೂರು ದೇಶದಿಂದ ವಿಚಾರಣೆ ಬರುತ್ತಿತ್ತು.

ಅಂಗಳಕ್ಕೆ ಬರೆಯದೆ ಬರೀ ಕೇಳುತ್ತಿದ್ದವಳು ಒಬ್ಬಳಿದ್ದಳು, ಬೂಬುಷ್. ಟೆಲಿಫೋನ್ ಕೇಂದ್ರದಲ್ಲಿ ಜೂರಾಳ ಪಕ್ಕದ ಕುರ್ಚಿಯವಳು, ಈಗ ಅವಳಿಂದ ಮೂರನೆಯ ಮನೆಯವಳು. ಆ ಕೇಂದ್ರದಲ್ಲಿ ಇಬ್ಬರಿಗೂ ಒಂದು ಗುಟ್ಟಿನ ಪದ್ಧತಿ ಇತ್ತು. ದೂರದಿಂದ ಸಾವಿನ ಸುದ್ದಿಯ ಕರೆ ಬಂದರೆ ಸೀದಾ ಆ ಮನೆಗೆ ಕೊಡುತ್ತಿರಲಿಲ್ಲ. ನಮ್ಮಲ್ಲಿ ಸಾವನ್ನು ಹಾಗೆ ಮುಖದ ಮೇಲೆ ಎಸೆಯುವುದಿಲ್ಲ. ಊರಿಗೆಲ್ಲ ಗೊತ್ತಿದ್ದರೂ ಯಾರೂ ಬಾಯಿ ಬಿಡುವುದಿಲ್ಲ, ಹೆಸರೆತ್ತುವುದಿಲ್ಲ; ಹಿರಿಯರು ಕೂಡಿಕೊಂಡು ಚಹಾಕ್ಕೆ ಬಂದವರ ಹಾಗೆ ಬಂದು, ಅಕ್ಕಪಕ್ಕ ಕುಳಿತು, ಹುಟ್ಟಿದ್ದೆಲ್ಲ ಉಳಿಯುತ್ತದೆಯೇ ಎಂದು ಎಲ್ಲಿಂದಲೋ ಶುರುಮಾಡಿ, ಕೇಳುವವರು ತಾವೇ ಅರ್ಥಮಾಡಿಕೊಳ್ಳುವವರೆಗೆ ಸುತ್ತಿ ಸುತ್ತಿ ಹೇಳುತ್ತಾರೆ. ಅರ್ಥವಾದ ಗಳಿಗೆಗೆ ಹಿಡಿದುಕೊಳ್ಳಲು ಎಡಕ್ಕೊಂದು ಬಲಕ್ಕೊಂದು ಹೆಗಲು ಸಿದ್ಧವಿರುತ್ತದೆ. ಅದಕ್ಕೇ ಜೂರಾ ಕರೆಯನ್ನು ತಡೆದು, "ಲೈನು ಸರಿಯಿಲ್ಲ, ಸ್ವಲ್ಪ ತಾಳಿ" ಎಂದು ಸುಳ್ಳು ಹೇಳುವಳು. ಬೂಬುಷ್ ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಹಿರಿಯರನ್ನು ಎಬ್ಬಿಸಲು ಓಡುವಳು. ಮೇಲಧಿಕಾರಿಗಳ ಪ್ರಕಾರ ಕಾರಾ-ಚಾತಿನದು ಇಡೀ ಪ್ರಾಂತದಲ್ಲೇ ಅತಿ ಕೆಟ್ಟ ಲೈನು.

ಬೂಬುಷ್‌ಗೆ ಈಗ ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣುತ್ತಿರಲಿಲ್ಲ. ಒಬ್ಬಳೇ ಮಗಳು ಐಜಾದಾ ತೋಮ್ಸ್ಕ್‌ನಲ್ಲಿ ಕೋಟು ಹೊಲಿಯುವ ಕೆಲಸದಲ್ಲಿದ್ದಳು. ತನ್ನ ಸುದ್ದಿಯನ್ನು ಅಂಗಳದಲ್ಲೇ ಬರೆಯುತ್ತಿದ್ದಳು: ಇವತ್ತು ಹಿಮ, ಇವತ್ತು ಆಲೂಗಡ್ಡೆ ಹುರಿದೆ, ಅಮ್ಮನಿಗೆ ಹೇಳಿ. ಹೇಳುವವರು ಯಾರಾದರೂ ಹೇಳುತ್ತಿದ್ದರು, ಆದರೆ ಸಂಜೆಗೆ ಹೇಳುತ್ತಿದ್ದರು. ಬೂಬುಷ್ ಗೊಣಗಿದಳು. ಅದಕ್ಕೆ ಜೂರಾ ಒಂದು ಟ್ಯಾಬ್ಲೆಟ್ ತಂದು, ಅಂಗಳದಲ್ಲಿ ಎಲ್ಲೇ ಐಜಾದಾ ಎಂಬ ಹೆಸರು ಬಂದರೂ ಗಂಟೆ ಹೊಡೆದು ತಾನೇ ಗಟ್ಟಿಯಾಗಿ ಓದುವ ಹಾಗೆ ಹೊಂದಿಸಿ, ಒಲೆಯ ಪಕ್ಕ ನಿಲ್ಲಿಸಿದಳು.

"ಏನೇ ಇದು, ಗಂಡಸಿನ ದನಿ ಇಟ್ಟಿದೀಯ?" ಎಂದಳು ಬೂಬುಷ್ ಮೊದಲ ದಿನ ಕೇಳಿ.

"ಇರಲಿ ಬಿಡೇ. ಮನೇಲಿ ಒಂದು ಗಂಡಸಿನ ದನಿ ಕೇಳದೆ ಎಷ್ಟು ವರ್ಷ ಆಯ್ತು."

"ಅದೂ ಸರಿ. ಹೇಳಿದ್ದು ಬಿಟ್ಟು ಬೇರೆ ಮಾತಾಡಲ್ಲ. ನನ್ನ ಗಂಡನಿಗಿಂತ ವಾಸಿ."

ಆ ಗಂಟೆಯ ಸದ್ದು ಬೀದಿಗೂ ಕೇಳುತ್ತಿತ್ತು. ಗಂಟೆ ಹೊಡೆದರೆ ಐಜಾದಾ ಊಟ ಮಾಡಿದಳು ಎಂದು ದಾರಿಹೋಕರೂ ತಿಳಿಯುತ್ತಿದ್ದರು.

ಮಾರ್ಚ್ ತಿಂಗಳ ಒಂದು ಬೆಳಗ್ಗೆ, ಬೀದಿಯ ಹಿಮ ಕೆಸರಾಗುತ್ತಿದ್ದ ಹೊತ್ತಿಗೆ, ತೋಮ್ಸ್ಕ್ ಅಂಗಳದ ಕಾವಲುಗಾರ ಮಿರ್ಲಾನ್ ಜೂರಾಗೆ ಫೋನು ಮಾಡಿದ. ವಾರದ ಜ್ವರ ಎದೆಗಿಳಿದು ಐಜಾದಾ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು.

ಜೂರಾ ಎಲ್ಲ ಅಂಗಳದ ಕಾವಲುಗಾರರಿಗೂ ಒಬ್ಬೊಬ್ಬರಿಗೇ ಫೋನು ಮಾಡಿ, ತಾಯಿಗೆ ಹೇಳಿ ಮುಗಿಯುವವರೆಗೆ ಯಾರೂ ಹೆಸರು ಬರೆಯಬಾರದು, 'ನಮ್ಮ ಹುಡುಗಿ' ಅಂತಷ್ಟೇ ಬರೆಯಿರಿ ಎಂದು ಕೇಳಿಕೊಂಡಳು. ಆಸಾನಾಕುನ್ ಕೋಲೂರಿಕೊಂಡು ಬಂದು, ಇಷ್ಟೆಲ್ಲ ಯಾಕೆ, ಪೆಟ್ಟಿಗೆಯ ತಂತಿಯನ್ನೇ ಕಿತ್ತುಬಿಡು ಎಂದ. ಅದು ಆತ ಕೊಟ್ಟ ತೀರ್ಪುಗಳಲ್ಲೆಲ್ಲ ಸರಿಯಾದದ್ದು ಎಂದು ಜೂರಾ ಆಮೇಲೆ ಎಷ್ಟೋ ಸಲ ಹೇಳಿದ್ದಾಳೆ. ಆದರೆ ಆಗ ಅದೇ ಕಿಂಡಿಗಳಲ್ಲಿ ಹುಡುಗಿಯನ್ನು ಮನೆಗೆ ತರುವ ಕೆಲಸ ನಡೆದಿತ್ತು. ಆಸ್ಪತ್ರೆಯ ಕಾಗದಕ್ಕೆ ಒಬ್ಬ ನಿಂತಿದ್ದ, ವಿಮಾನದಲ್ಲಿ ಜಾಗಕ್ಕೆ ಇನ್ನೊಬ್ಬ ಓಡಾಡುತ್ತಿದ್ದ, ಬಿಷ್ಕೆಕ್‌ನಿಂದ ಬೆಟ್ಟದ ಮೇಲಕ್ಕೆ ವ್ಯಾನು ಯಾರದೆಂದು ಮಾತಾಗುತ್ತಿತ್ತು. ಕಿಂಡಿ ಮುಚ್ಚಿದರೆ ಅವಳು ಅಲ್ಲೇ ಉಳಿಯುತ್ತಿದ್ದಳು. ಹೋಗಲಿ, ಟ್ಯಾಬ್ಲೆಟ್ಟನ್ನಾದರೂ ಯಾವುದೋ ನೆಪದಲ್ಲಿ ಎತ್ತಿಕೊಂಡು ಬಾ ಎಂದು ಆತ ಹೇಳಿದರೆ, ಜೂರಾ ಆಗದೆಂದು ತಲೆಯಾಡಿಸಿದಳು. ಬೂಬುಷ್ ಅವಳ ಪಕ್ಕ ಇಪ್ಪತ್ತು ವರ್ಷ ಕೂತವಳು. ಜೂರಾ ಒಬ್ಬಳೇ ಹೊಸ್ತಿಲು ದಾಟಿದರೆ ಅವಳ ಉಸಿರು ಕೇಳಿಯೇ ತಿಳಿದುಬಿಡುತ್ತಾಳೆ.

ಮಧ್ಯಾಹ್ನ ಹಿರಿಯರು ಕೂಡಿದರು. ಮೂವರು ಮುದುಕರು, ಇಬ್ಬರು ಮುದುಕಿಯರು, ಜೂರಾ. ಮೂರನೆಯ ಮನೆ ಎಂದರೆ ಎಷ್ಟು ದೂರ? ಆದರೂ ದಾರಿಯಲ್ಲಿ ಆಸಾನಾಕುನ್ ಎರಡು ಸಲ ನಿಂತ. ಉಸಿರಿಗೊಂದು ಸಲ, ತಾನು ಆಡಬೇಕಾದ ಮಾತನ್ನು ಮೆಲ್ಲಗೆ ಒಪ್ಪಿಸಿ ನೋಡಿಕೊಳ್ಳಲು ಇನ್ನೊಂದು ಸಲ. ಮಾತು ಕುದುರೆ ಲಾಯದಿಂದ ಶುರುವಾಗಿ, ಬೆಟ್ಟ ಹತ್ತಿ, ಹೊಳೆ ದಾಟಿ, ನಿಧಾನಕ್ಕೆ ಮನೆಗೆ ಬರುವಂಥದ್ದು. ಚೆನ್ನಾಗಿತ್ತು ಎಂದು ಜೊತೆಗಿದ್ದವರು ಇವತ್ತಿಗೂ ಹೇಳುತ್ತಾರೆ.

ಗೇಟಿನ ಅಗುಳಿಗೆ ಜೂರಾ ಕೈ ಹಾಕಿದ್ದಳು. ಒಳಗೆ ಗಂಟೆ ಹೊಡೆಯಿತು.

ಜರ್ಮನಿಯಲ್ಲಿದ್ದ ಲೀಡಿಯಾ ಎಂಬ ಮುದುಕಿ, ಐಜಾದಾಳಿಗೆ ಒಂದನೆಯ ತರಗತಿಯಲ್ಲಿ ಪೆನ್ಸಿಲು ಹಿಡಿಯಲು ಕಲಿಸಿದ ಟೀಚರು, ಯಾರಿಂದಲೋ ಕೇಳಿ, ಅತ್ತು, ಬರೆದಿದ್ದಳು. ಅಲ್ಲಿನ ಕಾವಲುಗಾರ ತನ್ನ ನೌಕರಿಗೆ ಹೋಗಿದ್ದ, ಅವಳನ್ನು ತಡೆಯುವವರಿರಲಿಲ್ಲ. ಯಂತ್ರದ ಗಂಡಸು ದನಿ ಹವಾಮಾನ ವರದಿ ಓದುವಂತೆ ಓದಿತು:

"ಐಜಾದಾ, ನನ್ನ ಪುಟ್ಟ ಹುಡುಗಿ, ನಿನ್ನ ಆತ್ಮಕ್ಕೆ ಶಾಂತಿ ಸಿಗಲಿ. ಮೇಣದಬತ್ತಿಯ ಚಿತ್ರ. ಮೇಣದಬತ್ತಿಯ ಚಿತ್ರ. ಮೆಚ್ಚಲು ಇಲ್ಲಿ ಒತ್ತಿ."

ಅವರು ಒಳಗೆ ಹೋದಾಗ ಬೂಬುಷ್ ಹಿಟ್ಟಿನ ಕೈಯಲ್ಲೇ ನಿಂತಿದ್ದಳು. ಮುಖ ಯಂತ್ರದ ಕಡೆಗಿತ್ತು. ಮುಂದೆ ಏನಾದರೂ ಹೇಳುತ್ತದೆಯೋ ಎಂದು ಕಾಯುತ್ತಿದ್ದಳು. ಹೇಳಿದ್ದು ಬಿಟ್ಟು ಬೇರೆ ಮಾತಾಡುವ ದನಿ ಅದಲ್ಲ. ಆಸಾನಾಕುನ್ ಬಾಯಿ ತೆರೆದ. ಕುದುರೆ ಲಾಯ, ಬೆಟ್ಟ, ಹೊಳೆ, ಒಂದೂ ಬರಲಿಲ್ಲ. ಯಾರೆದುರಿಗೂ ತೆಗೆಯದ ಬಿಳಿ ಟೋಪಿಯನ್ನು ತೆಗೆದು ಹೊಸ್ತಿಲ ಮೇಲೆ ಕೂತುಬಿಟ್ಟ. ಜೂರಾ ಹೋಗಿ ಬೂಬುಷ್‌ಳ ಹೆಗಲು ಹಿಡಿದಳು.

ಬೂಬುಷ್ ಆ ಕೈಯನ್ನು ಮೆಲ್ಲಗೆ ತೆಗೆದಳು.

"ಜೂರಾ, ಇದು ನಿನ್ನ ಬಾಯಿಂದ ಬರಬೇಕಿತ್ತು ಕಣೇ," ಎಂದಳು. "ನಾವಿಬ್ಬರು ಊರಿಗೆಲ್ಲ ಲೈನು ತಡೆದ್ವಿ. ನನ್ನದೊಂದು ತಡೆಯೋಕಾಗ್ಲಿಲ್ವಾ ನಿನಗೆ?"

ಜೂರಾ ಮನೆಗೆ ಬಂದು ಆ ಬರಹವನ್ನು ಅಳಿಸಿದಳು. ಅವಳು ಅಳಿಸಿದ್ದು ಅವಳ ಅಂಗಳದಲ್ಲಷ್ಟೇ ಅಳಿಯಿತು. ಉಳಿದ ಅಂಗಳಗಳಲ್ಲಿ ಮೇಣದಬತ್ತಿಗಳು ಇನ್ನೂ ಎಷ್ಟೋ ದಿನ ಉರಿದವು.

ಹುಡುಗಿ ಊರಿಗೆ ಬಂದಳು, ಕಿಂಡಿಗಳ ದಯೆಯಿಂದಲೇ. ಮಣ್ಣಾಯಿತು. ಟ್ಯಾಬ್ಲೆಟ್ಟು ಬಿಳಿ ಬಟ್ಟೆಯಲ್ಲಿ ಸುತ್ತಿಸಿಕೊಂಡು ಜೂರಾಳ ಗೇಟಿನ ಮೇಲೆ ವಾಪಸು ಬಂತು. ಗುರುವಾರ ಗುರುವಾರ ಸತ್ತವರಿಗೆ ವಾಸನೆ ಮುಟ್ಟಲೆಂದು ಎಣ್ಣೆ ಕಾಯಿಸುವುದು ನಮ್ಮ ರೂಢಿ. ಜೂರಾ ಐಜಾದಾಳ ಹೆಸರಿನಲ್ಲಿ ಬೋರ್ಸೋಕ್ ಎಂಬ ಹಿಟ್ಟಿನ ಬಿಲ್ಲೆಗಳನ್ನು ಕರಿದು ಬಟ್ಟಲು ತುಂಬಾ ಒಯ್ಯತೊಡಗಿದಳು. ಬೂಬುಷ್ ಗೇಟಿನಲ್ಲೇ ತೆಗೆದುಕೊಂಡಳು, ದುವಾ ಮಾಡಿದಳು, ಬಟ್ಟಲು ತೊಳೆದು ಕಳಿಸಿದಳು. ಈ ಊರಿನಲ್ಲಿ ಪರರ ಬಟ್ಟಲನ್ನು ಬರಿದಾಗಿ ಕಳಿಸುವವರಿಲ್ಲ; ಏನೂ ಇಲ್ಲದಿದ್ದರೆ ನಾಲ್ಕು ಒಣದ್ರಾಕ್ಷಿ, ಅದೂ ಇಲ್ಲದಿದ್ದರೆ ಒಂದು ಚಿಟಿಕೆ ಉಪ್ಪು. ಜೂರಾಳ ಬಟ್ಟಲು ಥಳಥಳ ತೊಳೆದು ಬರುತ್ತಿತ್ತು, ಬರಿದಾಗಿ.

ನಲವತ್ತನೆಯ ದಿನದ ಊಟ ಮುಗಿದ ಮೇಲೆ ಪೆಟ್ಟಿಗೆಗಳನ್ನು ಮಾರಿಬಿಡಬೇಕೆಂದು ಅವಳು ಬ್ಯಾಟರಿಯ ತಂತಿ ಬಿಚ್ಚಿದ್ದೂ ಉಂಟು. ಗುಂಯ್ ಎನ್ನುವ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೇ ಬೂಬುಷ್‌ಳ ಗೇಟು ಕಿರುಗುಟ್ಟಿತು. ಬೂಬುಷ್ ಬೀದಿಗೆ ಬಂದು ಈ ಮೊಗಸಾಲೆಯ ಕಡೆ ಕಿವಿಗೊಟ್ಟು ನಿಂತಿದ್ದಳು. ಮಗಳ ಆಲೂಗಡ್ಡೆಯೂ ಹಿಮವೂ ಎಲ್ಲ ಆ ಪೆಟ್ಟಿಗೆಯೊಳಗೇ ಇದ್ದವು ಎಂಬುದು ಇಬ್ಬರಿಗೂ ಗೊತ್ತಿತ್ತು. ಜೂರಾ ತಂತಿಯನ್ನು ಮತ್ತೆ ಚುಚ್ಚಿದಳು. ಬೂಬುಷ್ ಒಳಗೆ ಹೋದಳು.

ಆಮೇಲೆ ಜೂರಾ ಒಂದು ಹಳೆಯ ಸುಳ್ಳನ್ನು ಮತ್ತೆ ಜಾರಿಗೆ ತಂದಳು. ಸಾವಿನ ಮಾತಿರುವ ಯಾವ ಬರಹವೂ, ಸತ್ತವರ ಮನೆಗೆ ಹಿರಿಯರು ಹೋಗಿಬಂದರು ಎಂಬ ಮಾತು ಆ ಊರಿನಿಂದ ಬರುವವರೆಗೆ, ಕಿಂಡಿ ದಾಟಬಾರದು. ಯಜಮಾನನಿಲ್ಲದ ಜಾಲದಲ್ಲಿ ಅಪ್ಪಣೆ ಮಾಡುವವರು ಯಾರು? ಒಬ್ಬೊಬ್ಬ ಕಾವಲುಗಾರನನ್ನೂ ಕೇಳಿಕೊಳ್ಳಬೇಕಾಯಿತು. ಇದು ಮಾತಿನ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದು ಒಬ್ಬ ಉಪನ್ಯಾಸ ಕೊಟ್ಟ. ಜೂರಾ ಪೂರ್ತಿ ಕೇಳಿ, "ನಿನ್ನ ತಾಯಿ ಇನ್ನೂ ಊರಲ್ಲೇ ಇದಾಳಲ್ವಾ?" ಎಂದಷ್ಟೇ ಕೇಳಿದಳು. ಆತ ಸಂಜೆಗೇ ಒಪ್ಪಿದ. ಆಸಾನಾಕುನ್ ನಿಯಮಕ್ಕೆ ನಂಬರು ಹಾಕಲಿಲ್ಲ. ಅಂಗಳದ ಇತಿಹಾಸದಲ್ಲಿ ಎಲ್ಲರೂ ಪಾಲಿಸಿದ ಒಂದೇ ನಿಯಮ ಅದು.

ಹೋದ ಶರತ್ಕಾಲದಲ್ಲಿ ರಾಜಧಾನಿಯಿಂದ ಬೇಕ್‌ತೂರ್ ಎಂಬ ತರುಣ ತಜ್ಞನೊಬ್ಬ ಬಂದ. ಬೆಟ್ಟದ ಊರುಗಳ ಜಾಲಗಳನ್ನು ಅಳೆಯುವುದು ಆತನ ಕೆಲಸ. ಕೊರಳಿಗೆ ಹೆಸರಿನ ಪಟ್ಟಿ ನೇತುಹಾಕಿಕೊಂಡಿದ್ದ, ಹೆಸರು ಕೇಳುವವರು ಯಾರೂ ಇಲ್ಲದ ದಾರಿಯಲ್ಲೂ. ಅವತ್ತು ಗುರುವಾರ. ಮನೆ ತುಂಬಾ ಎಣ್ಣೆಯ ವಾಸನೆ. ಜೂರಾ ಆಗಷ್ಟೇ ಬರಿದಾಗಿಯೇ ವಾಪಸು ಬಂದಿದ್ದ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು, ಒಣಗಿಯೇ ಇದ್ದ ಅದನ್ನು ಒರೆಸುತ್ತಿದ್ದಳು. ಆತ ಬೆಕ್ಕನ್ನು ಎಬ್ಬಿಸಿ ಪೆಟ್ಟಿಗೆಗಳನ್ನು ನೋಡಿದ, ಕೇಂದ್ರವಿಲ್ಲದ ವ್ಯವಸ್ಥೆಯ ಭವಿಷ್ಯದ ಬಗ್ಗೆ ಎರಡು ಬಟ್ಟಲು ಚಹಾ ಕುಡಿಯುವಷ್ಟು ಹೊತ್ತು ಮಾತಾಡಿದ, ಬೇರೆ ಊರುಗಳಲ್ಲಿ ಒಂದು ಸಂದೇಶ ಕಣ್ಣು ಮಿಟುಕಿಸುವುದರೊಳಗೆ ತಲುಪುತ್ತದೆಂದ. ಕೊನೆಗೆ, ತನ್ನ ಅಳತೆಯಲ್ಲಿ ಇಲ್ಲಿನ ಕೆಲವು ಸಂದೇಶಗಳು ಮಾತ್ರ ವಿಚಿತ್ರವಾಗಿ ತಡವಾಗುತ್ತಿವೆ, ಯಂತ್ರ ಹಳೆಯದಾಯಿತೇನೋ ಎಂದು ಕನಿಕರದಿಂದ ನಕ್ಕ.

"ಸರಾಸರಿ ಹೇಳಿ ಎಜೆ. ನಿಮ್ಮ ಜಾಲದಲ್ಲಿ ಒಂದು ಸುದ್ದಿ ಪಕ್ಕದ ಮನೆಗೆ ಮುಟ್ಟೋಕೆ ಎಷ್ಟು ಹೊತ್ತು ಬೇಕು?"

ಜೂರಾ ಬಟ್ಟಲನ್ನು ಪಕ್ಕಕ್ಕಿಟ್ಟಳು.

"ಮುದುಕರು ನಡ್ಕೊಂಡು ಹೋಗೋವಷ್ಟು."