ಅಣ್ಣನ ಹೆಬ್ಬೆಟ್ಟು

ಇವತ್ತು ಅಂಗಳ ಸಾರಿಸಿದೆ, ಎರಡು ಬಿಂದಿಗೆ ನೀರು ಹೆಚ್ಚಿಗೆ ತಂದೆ, ಕರು ಕಡಿದ ಹಗ್ಗಕ್ಕೆ ಗಂಟು ಹಾಕಿದೆ, ಮಧ್ಯಾಹ್ನ ಕೂತು ಒಂದು ಮೊರ ಹುಣಸೆಹಣ್ಣಿನ ಬೀಜ ಬಿಡಿಸಿದೆ. ಆ ಬೀಜ ಕೈಗೆ ಬಂದರೆ ಅಣ್ಣ ನೇಯ್ದ ಒಂದು ಕಂಬಳಿಯ ನೆನಪು ಬರದೆ ಇರುವುದಿಲ್ಲ. ಕಂಬಳಿ ನೇಯುವ ಮನೆ ನೋಡಿದ್ದರೆ ನಿಮಗೂ ಗೊತ್ತಿರುತ್ತದೆ. ಬೀಜ ಹುರಿದು, ಬೀಸಿ, ಕುದಿಸಿದ ಗಂಜಿಯನ್ನು ಉಣ್ಣೆಯ ನೂಲಿಗೆ ಸವರಿದರೇನೇ ಅದು ಮಗ್ಗದ ಮೇಲೆ ತಡೆಯುವುದು. ವಾಸನೆ ಮಾತ್ರ ಮೂರು ಮನೆ ದಾಟುತ್ತದೆ.

ಕುರಿ ಮೇಯಿಸುವ ಜಾಗಕ್ಕೆ ಎದ್ದ ಜಗಳದಲ್ಲಿ ಅಣ್ಣ ಬೀಸಿದ ಕೋಲಿಗೆ ಒಬ್ಬ ಮನುಷ್ಯ ಸತ್ತ. ಅಣ್ಣ ಅದನ್ನು ಮುಚ್ಚಿಡಲಿಲ್ಲ, ನಾನೂ ಮುಚ್ಚಿಡುವುದಿಲ್ಲ. ಅತ್ತಿಗೆ ಮೊದಲೇ ತೀರಿಕೊಂಡಿದ್ದಳು. ಅವನು ಜೈಲಿಗೆ ಹೋದ ಮೇಲೆ ಮಗಳು ಗೌರಿ ಯಲ್ಲದಕೆರೆಯ ನಮ್ಮ ಮನೆಯಲ್ಲೇ ಬೆಳೆದಳು. ಎಂಟು ವರ್ಷ ಕಳೆದ ಮೇಲೆ ಅವಳ ಮದುವೆಗೆಂದು ಅಣ್ಣನಿಗೆ ಒಂದು ತಿಂಗಳ ಪೆರೋಲು ಸಿಕ್ಕಿತು. ಜೊತೆಗೆ ಒಂದು ಕಾಗದ: ತಾಲ್ಲೂಕು ಬಿಡಬಾರದು, ಹೆಂಡ ಮುಟ್ಟಬಾರದು, ದಿನಾ ಬೆಳಿಗ್ಗೆ ಹತ್ತರೊಳಗೆ ಠಾಣೆಯಲ್ಲಿ ಹೆಬ್ಬೆಟ್ಟು ಒತ್ತಬೇಕು. ಒಂದು ತಪ್ಪಿದರೂ ಅವತ್ತೇ ವಾಪಸ್. ಓದು ಬಾರದ ಅಣ್ಣ ಗೌರಿಯಿಂದ ಅದನ್ನು ಓದಿಸಿ ಓದಿಸಿ ಬಾಯಿಪಾಠ ಮಾಡಿಕೊಂಡ.

ನಮ್ಮಲ್ಲಿ ಮದುಮಕ್ಕಳನ್ನು ಕೂರಿಸುವುದು ಹೊಸ ಕರಿ ಕಂಬಳಿಯ ಮೇಲೆ. ಅದನ್ನು ತಾನೇ ನೇಯುತ್ತೇನೆಂದು ಅಣ್ಣ ಹಠ ಹಿಡಿದ. ಗಂಜಿ ಸವರುವುದು ಬಿಸಿಲೇರುವ ಮುಂಚೆ ಆಗಬೇಕು, ಠಾಣೆಗೆ ಹೊರಡುವುದೂ ಅದೇ ಹೊತ್ತಿಗೆ. ಮೂರು ದಿನ ಅಣ್ಣ ಅರ್ಧಕ್ಕೇ ಎದ್ದು, ಕೈಯನ್ನು ಪಂಚೆಗೆ ಒರೆಸಿಕೊಂಡು ಓಡಿದ.

ಗಂಜಿ ಶುರುವಾದ ನಾಲ್ಕನೇ ದಿನ ಠಾಣೆಗೆ ನಾನೂ ಜೊತೆಗೆ ಹೋಗಿದ್ದೆ. ಎಲ್ಲೋ ಬಂದೋಬಸ್ತಿಗೆ ಹೋಗಿದ್ದ ಠಾಣೆಯ ರೈಟರ್ ಅವತ್ತು ಮರಳಿದ್ದರು. ಪುಸ್ತಕ ತಿರುವಿದರು. ಮೊದಲ ದಿನಗಳ ಹೆಬ್ಬೆಟ್ಟಿನಲ್ಲಿ ಗೆರೆಗಳೆಲ್ಲ ಸ್ಪಷ್ಟ. ಕೊನೆಯ ಮೂರು ದಿನದ್ದು ಬರೀ ಮಸಿಯ ಬೊಟ್ಟು.

"ನಾನಿಲ್ದಾಗ ಯಾರನ್ನ ಕಳಿಸಿದ್ದೆ ಲೇ? ನೀನೆಲ್ಲಿಗೆ ಹೋಗಿದ್ದೆ?" ಎಂದು ವರದಿ ಬರೆಯಲು ಕಾಗದ ಎಳೆದುಕೊಂಡರು.

ಮದುವೆಗೆ ಇನ್ನು ಆರೇ ದಿನ. ಅಣ್ಣ ಕೈಕಟ್ಟಿ ನಿಂತ. ಜೈಲು ಅವನಿಗೆ ಅದೊಂದನ್ನು ಚೆನ್ನಾಗಿ ಕಲಿಸಿತ್ತು. ನಾನು ಅವನ ಬೆರಳು ಹಿಡಿದು ನೋಡಿದೆ. ಒಣಗಿದ ಗಂಜಿ ಮೇಣದ ಹಾಗೆ ಮೆತ್ತಿಕೊಂಡು ಗೆರೆಗಳನ್ನೇ ಮುಚ್ಚಿತ್ತು. ಒಂದು ಲೋಟ ಬಿಸಿನೀರು ಬೇಕೆಂದೆ. ಎದುರಿನ ಹೋಟೆಲಿನಿಂದ ಬಂತು. ನೆನೆಸಿ ಸೆರಗಿನಿಂದ ತಿಕ್ಕಿದರೆ ಹಾಲಿನ ಕೆನೆಯಂತೆ ಸುಲಿದು ಬಂತು. ಮತ್ತೆ ಒತ್ತಿಸಿದಾಗ ಗೆರೆಗಳು ಮೊದಲ ದಿನಗಳ ಹೆಬ್ಬೆಟ್ಟಿಗೆ ತಾಳೆಯಾದವು.

ರೈಟರ್ ಅಷ್ಟಕ್ಕೇ ಸೋಲುವವರಲ್ಲ. ಇನ್ನು ಜೈಲಿಗೆ ಮರಳುವವರೆಗೆ ಮಗ್ಗ ಮುಟ್ಟಕೂಡದು ಎಂದರು. ಆಗಲಿ ಸ್ವಾಮಿ ಎಂದು ನಾನು ಬಾಗಿಲವರೆಗೂ ಬಂದುಬಿಟ್ಟೆ. ಅಣ್ಣ ಕದಲಲಿಲ್ಲ.

"ಕಾಗದದಾಗೆ ತಾಲ್ಲೂಕು ಬಿಡಬ್ಯಾಡ ಅಂತ ಐತೆ, ಕುಡೀಬ್ಯಾಡ ಅಂತ ಐತೆ. ನೇಯಬ್ಯಾಡ ಅಂತ ಇಲ್ಲ ಸ್ವಾಮಿ. ಎಂಟು ವರ್ಷ ಸರ್ಕಾರಕ್ಕೆ ಜಮಖಾನ ನೇಯ್ದೀನಿ. ಮಗಳಿಗೆ ಒಂದು ನೇಯ್ತೀನಿ."

ರೈಟರ್ ವರದಿಗೆಂದು ಎಳೆದುಕೊಂಡಿದ್ದ ಕಾಗದವನ್ನು ಪಕ್ಕಕ್ಕೆ ಸರಿಸಿದರು. "ಬೆರಳು ತೊಳ್ಕಂಡು ಬಾರಪ್ಪ," ಎಂದು ಪುಸ್ತಕ ಮುಚ್ಚಿದರು.

ಗೌರಿ ಆ ಕಂಬಳಿಯ ಮೇಲೇ ಕೂತು ತಾಳಿ ಕಟ್ಟಿಸಿಕೊಂಡು ಭರಮಸಾಗರಕ್ಕೆ ಹೋದಳು. ಅಣ್ಣ ತಿಂಗಳು ತುಂಬಿದ ದಿನವೇ ಜೈಲಿಗೆ ಮರಳಿ, ಉಳಿದ ಶಿಕ್ಷೆಯನ್ನೂ ಮುಗಿಸಿಕೊಂಡು ಬಂದ. ಈಗ ನಮ್ಮಲ್ಲೇ ಇದ್ದಾನೆ.

ಇಷ್ಟು ವರ್ಷ ಈ ಕಥೆಯನ್ನು ಕಂಡವರಿಗೆಲ್ಲ ಹೇಳುವಾಗ ನನ್ನ ಜಾಣತನವನ್ನೇ ಮುಂದಿಡುತ್ತಿದ್ದೆ. ಇವತ್ತು ಬರೆಯಲು ಕೂತಾಗ ಕಾಣಿಸಿತು: ಅಣ್ಣನನ್ನು ಉಳಿಸಿಕೊಳ್ಳುವ ಆತುರದಲ್ಲಿ ನಾನು ಕಂಬಳಿಯನ್ನು ಬಿಟ್ಟುಕೊಟ್ಟು ಬಂದಿದ್ದೆ. ರಾತ್ರಿ ಊಟಕ್ಕೆ ಕೂತಾಗ ಅವನಿಗೆ ಹಾಗೇ ಹೇಳಿದೆ.

"ಈಗ ಗೊತ್ತಾತೇನವ್ವ?" ಅಂದ.

ರಾಗಿಮುದ್ದೆ, ಹುರುಳಿಕಾಳಿನ ಸಾರು, ಹಸಿ ಈರುಳ್ಳಿ. ಎರಡನೇ ಮುದ್ದೆ ಕೇಳಿ ಹಾಕಿಸಿಕೊಂಡವನು ಅಣ್ಣ. ನಮ್ಮೆಲ್ಲರಿಗಿಂತ ಮೊದಲು ನಿದ್ದೆ ಹೋದವನೂ ಅವನೇ.